ತಪ್ಪು ಹೇಳುವ ಶನಿವಾರಗಳು

ಮಂಗಳೂರಿನಲ್ಲಿ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ, ಸಂಶೋಧನ ಸಂಸ್ಥೆಗಳಲ್ಲಿ ನೆಲೆಗೊಂಡ ಇನ್ನೂರ ಎಂಬತ್ತಕ್ಕೂ ಹೆಚ್ಚು ಮಂದಿಗೆ ಪ್ರೊ. ಕುಶಲಾ ಅವರು ಗುರುಗಳು. 1997ರಲ್ಲಿ ಸೇವೆಗೆ ಸೇರಿ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರ ಸಂಶೋಧನ ಲೇಖನಗಳ ಪಟ್ಟಿ ಈ ಸಂಪುಟದ ಕೊನೆಯಲ್ಲಿದೆ. ಆ ಪಟ್ಟಿಗೆ ಸೇರದ ಅವರ ಒಂದು ಕೆಲಸವನ್ನು ಇಲ್ಲಿ ದಾಖಲಿಸಬೇಕು.

ಸೇರಿದ ಎರಡನೆಯ ವರ್ಷವೇ ಅವರು ಆರಂಭಿಸಿದ ಕ್ರಮವಿದು: ಶನಿವಾರ ಮಧ್ಯಾಹ್ನ ವಿದ್ಯಾರ್ಥಿಗಳು ತರಗತಿಯಲ್ಲಿ ಚಹಾ, ಗೋಳಿಬಜೆಯೊಂದಿಗೆ ಕುಳಿತು, ಆ ವಾರ ತಮ್ಮಿಂದಾದ ಒಂದು ತಪ್ಪನ್ನು ಹೇಳಬೇಕು. ಮೊದಲ ಸರದಿ ಯಾವಾಗಲೂ ಮೇಡಮ್ ಅವರದೇ. ಪ್ರಯೋಗದ ನೋಟ್‌ಬುಕ್ಕಿನ ಹಾಳೆ ಹರಿಯುವಂತಿಲ್ಲ. ತಪ್ಪಾದದ್ದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ದಿನಾಂಕ.

ಅಂತಿಮ ವರ್ಷದ ವಿದ್ಯಾರ್ಥಿನಿ, ಕುಲಶೇಖರದ ನಿರೀಕ್ಷಾ ಇದನ್ನೊಂದು ಆಟವೆಂದೇ ತಿಳಿದಿದ್ದಳು. ವಾರಕ್ಕೊಂದು ಸಣ್ಣ ತಪ್ಪು ಹುಡುಕಿ ಹೇಳಿ, ಗೋಳಿಬಜೆ ತಿಂದು ಏಳುತ್ತಿದ್ದಳು. ಬಂಗುಡೆ ಮೀನಿನ ಕರುಳಿನಲ್ಲಿರುವ ಜೀರ್ಣಕಿಣ್ವವೊಂದು ಯಾವ ಪಿಎಚ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಅಳೆಯುವುದು ಅವಳ ಪ್ರಬಂಧದ ವಿಷಯ. ನಾಲ್ಕು ತಿಂಗಳು ದುಡಿದಿದ್ದಳು. ಟೇಬಲ್ಲಿನ ಅಂಕಿ-ಅಂಶಗಳು ಕೈಯಲ್ಲಿ ಬರೆದಿಟ್ಟಷ್ಟು ಅಂದವಾಗಿ ಬಂದಿದ್ದವು.

2019ರ ಏಪ್ರಿಲ್‌ನ ಒಂದು ಗುರುವಾರ, ಪ್ರಯೋಗಕ್ಕೆ ಬೇಕಾದ ಪಿಎಚ್ ಕಾಯ್ದುಕೊಡುವ ಬಫರ್ ದ್ರಾವಣದ ಬಾಟ್ಲಿಯನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಟ್ಟು ಊಟಕ್ಕೆ ಹೋದಳು. ಬಂದು ಅಳೆದರೆ, 8.5 ಇರಬೇಕಾದ ಪಿಎಚ್ 7.8 ತೋರಿಸಿತು. ಆ ದ್ರಾವಣದ ಪಿಎಚ್ ಬೆಚ್ಚಗಾದಂತೆ ಇಳಿಯುತ್ತದೆ. ಅವಳು ನಾಲ್ಕು ತಿಂಗಳೂ ದ್ರಾವಣ ತಣ್ಣಗಿರುವಾಗಲೇ ಪಿಎಚ್ ಹೊಂದಿಸಿ, ಮೂವತ್ತೇಳು ಡಿಗ್ರಿಯಲ್ಲಿ ಪ್ರಯೋಗ ಮಾಡಿದ್ದಳು. ಅಂದವಾದ ಆ ಅಂಕಿಗಳೆಲ್ಲ ತಪ್ಪು ಪಿಎಚ್‌ನ ಎದುರು ನಿಂತಿದ್ದವು. ಇದು ಅವಳೊಬ್ಬಳಿಗೇ ಗೊತ್ತು.

ಪ್ರಯೋಗಾಲಯದ ಸಹಾಯಕ ನೊರ್ಬರ್ಟ್ ಕೇಳಿದರು: "ಎಂತ ಮಾರಾಯ್ತಿ, ಆ ಬಾಟ್ಲಿಗೆ ಜ್ವರ ಉಂಟಾ? ಐದನೇ ಸಲ ನೋಡುವುದು ನೀನು!"

ಶನಿವಾರಕ್ಕೆಂದು ಅವಳು ಸಿದ್ಧಮಾಡಿಕೊಂಡದ್ದು ಗಾಜಿನ ನಳಿಕೆ ಒಡೆದ ಕಥೆ. ಸರದಿ ಬಂದಾಗ ಬಾಯಿಂದ ಹೊರಟದ್ದು ಬೇರೆ.

"ಮೇಡಮ್, ನನ್ನ ಟೇಬಲ್ ಇಡೀ ತಪ್ಪು."

ಎಲ್ಲವನ್ನೂ ಕೇಳಿಸಿಕೊಂಡ ಕುಶಲಾ ಅವರು, "ಪ್ರಬಂಧ ಕೊಡ್ಲಿಕ್ಕೆ ಎಷ್ಟು ದಿನ ಉಂಟು?" ಎಂದರು.

"ಒಂಬತ್ತು."

"ಸಾಕು. ಬಫರ್ ಹೊಸತು ಮಾಡುವ. ಮೊದಲು ಗೋಳಿಬಜೆ ತಿನ್ನು, ತಣ್ಣಗಾಗ್ತದೆ."

"ಅದರ ಪಿಎಚ್ ಕೂಡ ಬದಲಾಗ್ತದಾ ಮೇಡಮ್?" ಎಂದು ಬಾಗಿಲಲ್ಲಿದ್ದ ನೊರ್ಬರ್ಟ್ ಕೇಳಿದಾಗ, ಅಳು ಒತ್ತರಿಸಿ ಬಂದಿದ್ದ ನಿರೀಕ್ಷಾಳೂ ನಕ್ಕುಬಿಟ್ಟಳು.

ಒಂಬತ್ತು ದಿನವೂ ಕುಶಲಾ ಅವರು ಬೆಳಿಗ್ಗೆ ಏಳೂವರೆಗೆ ಬಂದು ಪ್ರಯೋಗಾಲಯದ ಬೀಗ ತೆಗೆದರು. ಮೀನುಗಾರಿಕಾ ದಕ್ಕೆಯಿಂದ ತಾಜಾ ಬಂಗುಡೆ ತಂದವರು ನೊರ್ಬರ್ಟ್. ಹೊಸ ಅಂಕಿಗಳು ಹಿಂದಿನಷ್ಟು ಅಂದವಾಗಿರಲಿಲ್ಲ, ಆದರೆ ಸರಿಯಾಗಿದ್ದವು. ಹಳೆಯ ಟೇಬಲ್ಲೂ ಒಂದು ಗೆರೆಯೊಂದಿಗೆ, ಕಾರಣದೊಂದಿಗೆ, ಪ್ರಬಂಧದಲ್ಲಿ ಸೇರಿತು. ಅರ್ಧ ಗಂಟೆಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಇಪ್ಪತ್ತು ನಿಮಿಷ ಕೇಳಿದ್ದು ಆ ಪುಟದ ಬಗ್ಗೆಯೇ. ನಿರೀಕ್ಷಾ ತೇರ್ಗಡೆಯಾದಳು, ರ‍್ಯಾಂಕ್ ಬರಲಿಲ್ಲ. ಇಂದು ಬೈಕಂಪಾಡಿಯ ಮೀನೆಣ್ಣೆ ಘಟಕವೊಂದರಲ್ಲಿ ಗುಣಮಟ್ಟ ವಿಭಾಗವನ್ನು ಅವಳೇ ನಡೆಸುತ್ತಾಳೆ. ಏಳು ಮಂದಿಯ ಆ ವಿಭಾಗದಲ್ಲೂ ಶನಿವಾರದ ಚಹಾ ಇದೆ.

ಕಳೆದ ಮಾರ್ಚ್‌ನ ಕೊನೆಯ ಶನಿವಾರ ನಿರೀಕ್ಷಾ ಸೇರಿದಂತೆ ಹಳೆಯ ವಿದ್ಯಾರ್ಥಿಗಳೂ ಬಂದಿದ್ದರು. ಎಂದಿನಂತೆ ಮೊದಲ ಸರದಿ ಕುಶಲಾ ಅವರದು. ನಿರೀಕ್ಷಾಳ ಹಳೆಯ ನೋಟ್‌ಬುಕ್ ವಿಭಾಗದಲ್ಲೇ ಉಳಿದಿತ್ತು, ಅದನ್ನು ತೆರೆದರು.

"ಬಫರ್ ಮಾಡಿದ ಪುಟ ಇದು. ಉಷ್ಣತೆ ಬರೆದಿಲ್ಲ. ಎಷ್ಟು ಅಂತ ಕೇಳದೆ ನಾನು ಸಹಿ ಹಾಕಿದ್ದೇನೆ. ಆ ಶನಿವಾರವೇ ಇದನ್ನು ಹೇಳಬೇಕಿತ್ತು. ನನ್ನ ಸರದಿ ಆಗಿಹೋಗಿತ್ತು ಅಂತ ಸುಮ್ಮನಾದೆ."

ಏಳು ವರ್ಷ ಆ ತಪ್ಪನ್ನು ತನ್ನೊಬ್ಬಳದೆಂದೇ ತಿಳಿದಿದ್ದ ನಿರೀಕ್ಷಾ ಎದ್ದು ಹೋಗಿ ಪೆನ್ನು ಕೊಟ್ಟಳು.

"ಒಂದೇ ಗೆರೆ ಮೇಡಮ್. ದಿನಾಂಕ ಹಾಕಿ."

ತರಗತಿಯ ನಗು ನಿಲ್ಲುವ ಮೊದಲೇ ಅವರು ತಮ್ಮ ಹಳೆಯ ಸಹಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸ ಸಹಿ ಹಾಕಿದರು.

ನಿವೃತ್ತಿಯ ಬಳಿಕವೂ ಶನಿವಾರ ಬರುವುದಾಗಿ ಅವರು ಒಪ್ಪಿದ್ದಾರೆ. ಪ್ರೊ. ಕುಶಲಾ ಅವರು ನೂರ್ಕಾಲ ಆರೋಗ್ಯದಿಂದಿರಲಿ. ಇನ್ನು ಬರಲಿರುವ ವಿದ್ಯಾರ್ಥಿಗಳಿಗೂ ಮೊದಲ ತಪ್ಪನ್ನು ಅವರ ಬಾಯಿಂದಲೇ ಕೇಳುವ ಭಾಗ್ಯವಿರಲಿ.