ಪುಟ್ಟಗೌರಮ್ಮನಿಗೆ ಬಂದ ವಿಮಾನದ ಟಿಕೆಟ್ಟು

ಹಾಲು ಅಳೆಯುವ ಹೊತ್ತಿನಲ್ಲಿ ಫೋನು ಎಷ್ಟು ಬಡಿದುಕೊಂಡರೂ ಪುಟ್ಟಗೌರಮ್ಮ ಎತ್ತುವವಳಲ್ಲ. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿರುವ ಆ ಊರಿನ ಮಹಿಳಾ ಹಾಲಿನ ಸಂಘಕ್ಕೆ ಅವಳು ಕಾರ್ಯದರ್ಶಿ. ನೀರು ಬೆರೆತ ಹಾಲು ಸ್ವಂತ ಓರಗಿತ್ತಿಯದಾದರೂ ವಾಪಸು ಕಳಿಸುವ ಗಟ್ಟಿಗಿತ್ತಿ ಎಂದು ಹೆಸರಾದವಳು. ಆ ಬೆಳಿಗ್ಗೆ ಯಾವುದೋ ಗೊತ್ತಿಲ್ಲದ ನಂಬರು ಬಿಡದೆ ಬಡಿಯುತ್ತಿತ್ತು. ಸರದಿಯಲ್ಲಿ ಕ್ಯಾನು ಹಿಡಿದು ನಿಂತಿದ್ದ ಚಿಕ್ಕಬೋರಮ್ಮ, "ಯಾರೋ ಏನೋ, ಎತ್ತು ಅತ್ಲಾಗೆ" ಎಂದ ಮೇಲೆ ಎತ್ತಿದಳು.

ಅತ್ತ ಮಾತಾಡಿದವನು ಬೆಂಗಳೂರಿನ ಒಂದು ವಿಮಾ ಕಂಪನಿಯವನು. ಪುಸ್ತಕ ಓದಿದ ಹಾಗೆ ನಿಧಾನವಾಗಿ ಹೇಳಿದ: ನಿಮ್ಮ ಮಗಳು ಅನು ಆಸ್ಪತ್ರೆಯಲ್ಲಿದ್ದಾರೆ, ಮಿದುಳಿನ ಪೊರೆಗೆ ಸೋಂಕಾಗಿದೆ, ಪ್ರಜ್ಞೆ ಇಲ್ಲ. ಮನೆಯವರು ಒಬ್ಬರು ಹೋಗಿ ಜೊತೆಯಲ್ಲಿರುವುದಾದರೆ ವಿಮಾನದ ಟಿಕೆಟ್ಟು ಕಂಪನಿಯೇ ಕೊಡುತ್ತದೆ.

ಪುಟ್ಟಗೌರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅನು ಜಾರ್ಜಿಯಾ ದೇಶದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಹಿಂದಿನ ಸಂಜೆಯಷ್ಟೇ ಅವಳ ನಂಬರಿನಿಂದ ಮೆಸೇಜು ಬಂದಿತ್ತು: 'ಪರೀಕ್ಷೆ ಇದೆ ಅವ್ವ, ಫೋನ್ ಮಾಡಬೇಡ, ಊಟ ಆಯ್ತು.'

"ನನ್ ಮಗ್ಳು ನೆನ್ನೆ ಮೆಸೇಜ್ ಕಳ್ಸವ್ಳಲ್ಲ ಸಾಮಿ" ಎಂದಳು.

ಆ ಮೆಸೇಜು ಕಳಿಸಿದ್ದು ಅನು ಅಲ್ಲ, ಅವಳ ಕೋಣೆಯ ಗೆಳತಿ ಮೇಘನ. ಇವತ್ತು ಎಚ್ಚರವಾಗಬಹುದು, ನಾಳೆ ಆಗಬಹುದು ಎಂದು ಕಾಯುತ್ತ, ಹೆತ್ತವರಿಗೆ ಹೇಳುವ ಧೈರ್ಯ ಸಾಲದೆ, ಆ ಹುಡುಗಿ ಅನುವಿನ ಫೋನಿನಿಂದ ತಾನೇ ಬರೆಯುತ್ತಿದ್ದಳು. ಮೇಘನಳಿಂದಲೇ ತಿಳಿದಿದ್ದ ಅದನ್ನು ಕಂಪನಿಯವನು ಹೇಳಿದಾಗ ಪುಟ್ಟಗೌರಮ್ಮ ಹಾಲಿನ ಅಳತೆಯನ್ನು ಚಿಕ್ಕಬೋರಮ್ಮನ ಕೈಗೆ ಕೊಟ್ಟು ಹೊರಟಳು. ಊಟ ಮಾಡಿದೆ ಎಂದು ಹೇಳಿದವಳು ಬಾಯಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಳೆ.

ಮನೆಗೆ ಬಂದರೆ ಗಂಡ ರವೀಂದ್ರ ಇನ್ನೊಂದು ಮಾತಾಡಿದ. ಗದ್ದೆಯಿಂದ ಓಡಿ ಬಂದವನು ಜಗಲಿಯ ಮೇಲೆ ಕುಸಿದು ಕೂತು, "ಬದುಕಿರೋಳ್ನ ನೋಡ್ಕೊಂಡು ಬನ್ನಿ ಅಂತ ಯಾವ ಕಂಪ್ನಿಯೋನು ಟಿಕೀಟು ಕೊಡ್ತಾನಮ್ಮೀ? ಒಂಟೋಗವ್ಳೆ. ನಮ್ಗೆ ಏಳ್ತಿಲ್ಲ ಅಷ್ಟೇಯ" ಎಂದ.

ಅವನ ಅನುಮಾನಕ್ಕೆ ಕಾರಣವಿತ್ತು. ವಿಮೆಯಿಲ್ಲದೆ ಆ ಕಾಲೇಜಿನವರು ಸೇರಿಸಿಕೊಳ್ಳುತ್ತಿರಲಿಲ್ಲ. ಹೊರಡುವ ಮುಂಚೆ ಅನು ಅದರ ನಿಯಮಗಳನ್ನು ಓದುತ್ತ, "ಅಲ್ಲಿ ಸತ್ರೆ ಹೆಣ ತಂದ್ಕೊಡೋದೂ ಇವ್ರದೇ ಕೆಲ್ಸ ಕಣಪ್ಪ" ಎಂದು ನಕ್ಕಿದ್ದಳು. ಪುಟ್ಟಗೌರಮ್ಮ ಅವಳ ಬಾಯಿಯ ಮೇಲೆ ಹೊಡೆದಿದ್ದಳು. ರೋಗಿಯ ಹತ್ತಿರ ಇರಲು ಮನೆಯವರೊಬ್ಬರನ್ನೂ ಕರೆಸುತ್ತಾರೆ ಎಂಬ ಸಾಲು ಅದರಲ್ಲಿದ್ದದ್ದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಪುಟ್ಟಗೌರಮ್ಮ ಮೇಘನಳಿಗೆ ವಿಡಿಯೋ ಕರೆ ಮಾಡಿದಳು. ಬೈಯಲಿಲ್ಲ. "ಅವಳ ಎದೆ ತೋರ್ಸವ್ವ, ಮುಖ ಬ್ಯಾಡ" ಎಂದಳು. ತೀವ್ರ ನಿಗಾ ಘಟಕದ ಗಾಜಿನಾಚೆ ಹೊದಿಕೆ ಮೇಲಕ್ಕೆದ್ದು ಕೆಳಗಿಳಿಯುತ್ತಿತ್ತು. ಅದನ್ನು ಗಂಡನಿಗೂ ತೋರಿಸಿ ಒಳಗೆ ಹೋದಳು.

ಮನೆಯಲ್ಲಿ ಪಾಸ್‌ಪೋರ್ಟು ಇದ್ದದ್ದು ಅವಳೊಬ್ಬಳಿಗೇ. ಹಿಂದೊಮ್ಮೆ ಹಾಲಿನ ಸಂಘಗಳ ಹೆಂಗಸರನ್ನು ಶ್ರೀಲಂಕಾಕ್ಕೆ ಕರೆದೊಯ್ಯುವ ಮಾತಾಗಿ, ಪಾಸ್‌ಪೋರ್ಟು ಮಾಡಿಸಿದ ಮೇಲೆ ಪ್ರವಾಸ ರದ್ದಾಗಿತ್ತು. ಅದು ಮದುವೆ ಸೀರೆಯ ಕೆಳಗೆ ಬಿದ್ದಿತ್ತು. ಕಂಪನಿಯವರು ವೀಸಾ ಮಾಡಿಸಿದರು. ಮೈಸೂರಿನಾಚೆ ಒಬ್ಬಳೇ ಹೋಗದ ಹೆಂಗಸು, ಕತ್ತಿಗೆ ಹೆಸರಿನ ಚೀಟಿ ತಗುಲಿಸಿಕೊಂಡು ವಿಮಾನ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ: ತಾನು ಮೇಲೆ ಹಾರುತ್ತಿರುವಾಗಲೇ ಕೆಳಗೆ ಏನಾದರೂ ಆಗಿಹೋದರೆ ತನಗೆ ಯಾರು ಹೇಳುತ್ತಾರೆ?

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಆಸ್ಪತ್ರೆಯಲ್ಲಿ ಮಗಳ ತಲೆ ಬೋಳಿಸಿರಲಿಲ್ಲ, ಮುಖ ಊದಿರಲಿಲ್ಲ. ಮಲಗಿದವಳ ಹಾಗೇ ಇದ್ದಳು. ಪುಟ್ಟಗೌರಮ್ಮ ಪಕ್ಕದಲ್ಲಿ ಕೂತು ಮಾತಾಡತೊಡಗಿದಳು. ಎಮ್ಮೆ ಕರು ಹಾಕಿದ್ದು, ನಾಲೆಗೆ ನೀರು ಬಿಟ್ಟದ್ದು, ಕರಿಘಟ್ಟದ ದೇವರಿಗೆ ಹೊತ್ತ ಹರಕೆ, ಬಾಯಿಗೆ ಬಂದದ್ದೆಲ್ಲ. ಕನ್ನಡ ತಿಳಿಯದ ಮುದುಕಿ ನರ್ಸು ಅವಳಿಗೆ ಬ್ರೆಡ್ಡು ತಂದುಕೊಟ್ಟು, ನಿಲ್ಲಿಸಬೇಡ ಎಂಬಂತೆ ಕೈಸನ್ನೆ ಮಾಡುತ್ತಿದ್ದಳು. ದಿನಗಟ್ಟಲೆ ಅವಳು ನಿಲ್ಲಿಸಲಿಲ್ಲ.

ಬಾಯಿಯ ನಳಿಕೆ ತೆಗೆದ ಮೇಲೆ ಒಂದು ಮಧ್ಯಾಹ್ನ ಅನು ಕಣ್ಣು ಬಿಟ್ಟಳು. ತಾಯಿಯ ಗುರುತು ಹಿಡಿದಳು. ಪುಟ್ಟಗೌರಮ್ಮ, "ನಾನು ಕಣವ್ವ, ಬಂದ್ಬುಟ್ಟೆ" ಎಂದಳು. ಅನು ಸುಮ್ಮನೆ ನೋಡಿದಳು. ತಾಯಿ ಮತ್ತೆ ಹೇಳಿದಳು. ಮಗಳು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದಳು, "ಅವ್ವ, ಯಾಕೆ ಬಾಯಿ ಮಾತ್ರ ಆಡಿಸ್ತಿದ್ದೀಯ? ಜೋರಾಗಿ ಮಾತಾಡು."

ಮಗಳು ಸಾಯುವುದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಂದಿದ್ದ ಪುಟ್ಟಗೌರಮ್ಮನಿಗೆ ಇದೊಂದು ಹೊಳೆದಿರಲಿಲ್ಲ. ಅಷ್ಟು ದಿನ ತಾನಾಡಿದ ಒಂದು ಮಾತೂ ಆ ಕಿವಿಯನ್ನು ಮುಟ್ಟಿರಲಿಲ್ಲ. ಸೋಂಕು ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಬಹುಪಾಲು ತಿಂದಿತ್ತು. ಮೇಘನ ವೈದ್ಯರ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತ ಗೋಡೆಯ ಕಡೆ ತಿರುಗಿ ಅತ್ತಳು.

ಆಸ್ಪತ್ರೆಯ ಖರ್ಚನ್ನು ಕಂಪನಿಯೇ ಕಟ್ಟಿತು. ಕಿವಿಯ ಯಂತ್ರ ಮಾತ್ರ ಪಾಲಿಸಿಗೆ ಸೇರುವುದಿಲ್ಲ ಎಂದಿತು. ಅದನ್ನು ರವೀಂದ್ರ ಊರಿನಿಂದಲೇ ಹೇಗೋ ಹೊಂದಿಸಿದ. ಮಗಳನ್ನು ವಾಪಸು ಕರೆತಂದುಬಿಡು ಎಂದೂ ಹೇಳಿದ. ಪುಟ್ಟಗೌರಮ್ಮನೂ ಅದನ್ನೇ ಎಣಿಸಿದ್ದಳು. ಆದರೆ ಹೊರಡುವ ಮಾತೆತ್ತಿದಾಗ ಅನು ಫೋನಿನಲ್ಲಿ ಬರೆದು ತೋರಿಸಿದಳು: 'ಬದುಕಿಸಿದ್ದು ಈ ಆಸ್ಪತ್ರೆ. ಇಲ್ಲೇ ಕಲೀತೀನಿ.'

ಪುಟ್ಟಗೌರಮ್ಮ ಮೇಘನಳಿಂದ ವೈದ್ಯರನ್ನು ಕೇಳಿಸಿದ್ದು ಒಂದೇ ಪ್ರಶ್ನೆ: "ಕಿವಿ ಕೇಳ್ದೆ ಇರೋಳು ಡಾಕ್ಟ್ರಾಗ್ಬೋದಾ?" ಕಷ್ಟ, ಆದರೆ ಆಗಿದ್ದಾರೆ ಎಂದರು ಅವರು. ಅವಳು ಒಬ್ಬಳೇ ಊರಿಗೆ ಮರಳಿದಳು.

ಅನು ಒಂದು ವರ್ಷ ಹಿಂದುಳಿದು ಈಗ ಓದು ಮುಂದುವರಿಸಿದ್ದಾಳೆ. ಸಂಘದ ಬಾಗಿಲು ಹಾಕಿದ ಮೇಲೆ ಪುಟ್ಟಗೌರಮ್ಮ ಫೋನನ್ನು ಕಿಟಕಿಗೆ ಆನಿಸಿ, ಬೆಳಕಿಗೆ ಮುಖ ಕೊಟ್ಟು ಕೂರುತ್ತಾಳೆ. ಮಗಳು ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಮೊದಲಿನ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರೆ ಅನು ಸಿಟ್ಟಾಗುತ್ತಾಳೆ: "ಸೆರಗು ತೆಗಿಯವ್ವ, ಏನಂದೆ ಕಾಣ್ಲಿಲ್ಲ."