ಅಧ್ಯಕ್ಷರು ನನ್ನ ಕೈಗೆ ಕೊಟ್ಟ ಬೂಟು

ಆಗ ಆರ್.ಟಿ. ನಗರದ ನಮ್ಮ ಕಡೆಯಿಂದ ಫುಟ್‌ಬಾಲ್ ನೋಡಲು ಹೋಗುತ್ತಿದ್ದ ಹೆಂಗಸರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಗೋಲ್‌ಕೀಪರನ ತಾಯಿ. ಅವರು ಚೆಂಡು ಮಗನ ಹತ್ತಿರ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಆಟ ನೋಡುತ್ತಿದ್ದವಳು ನಾನೊಬ್ಬಳೇ ಎನ್ನಬೇಕು. ನನ್ನ ತಮ್ಮ ನಮ್ಮ ಬಡಾವಣೆಯ ಕ್ಲಬ್ಬಿನ ಫಾರ್ವರ್ಡ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ತೀರಿಕೊಂಡಿದ್ದರು. ಹೆಬ್ಬಾಳದ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್, ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲೇ.

ಆ ವರ್ಷ ನಮ್ಮ ಕ್ಲಬ್ಬು ಮೊದಲ ಸಲ ಸೆಮಿಫೈನಲ್ ತಲುಪಿತು. ಯಶವಂತಪುರದ ಕಡೆಯ ಕಾರ್ಖಾನೆಯವರು ತಮ್ಮ ತಂಡಕ್ಕೆ ಹುಡುಗರನ್ನು ಆರಿಸಲು ಫೈನಲ್ಲಿಗೆ ಬರುತ್ತಾರಂತೆ, ಆರಿಸಿದವರಿಗೆ ಕಾಯಂ ಕೆಲಸವಂತೆ ಎಂಬ ಸುದ್ದಿಯೂ ಹಬ್ಬಿತು. ನಾನಂತೂ ತಮ್ಮನ ಕಾರ್ಖಾನೆ ಯೂನಿಫಾರ್ಮಿಗೆ ಮನಸ್ಸಿನಲ್ಲೇ ಇಸ್ತ್ರಿ ಹಾಕಲು ಶುರುಮಾಡಿದ್ದೆ. ಸೆಮಿಫೈನಲ್ಲೇನೋ ಗೆದ್ದೆವು, ಆದರೆ ಅದರಲ್ಲೇ ಅವನ ಮಂಡಿ ತಿರುಚಿಕೊಂಡಿತು.

ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು ಅರ್ಧ ಹರಿದಿದೆ, ಈಗ ಆಡಿದರೆ ಪೂರ್ತಿ ಹರಿದು ಜೀವನವಿಡೀ ಕುಂಟಬೇಕಾದೀತು ಎಂದರು ಡಾಕ್ಟರು. ನಮ್ಮ ಅಭಿಮಾನಿಗಳು ಅಷ್ಟಕ್ಕೆ ಬಿಡುವವರೇ? ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಚುಚ್ಚುವ ಕಾಂಪೌಂಡರ್ ಒಬ್ಬನನ್ನು ಹುಡುಕಿಟ್ಟರು. ತಮ್ಮನೂ ಕುಣಿದುಕೊಂಡು ಒಪ್ಪಿದ.

ಕ್ಲಬ್ಬಿನ ಅಧ್ಯಕ್ಷರು ಸಾಮಿಲ್ ನಡೆಸುತ್ತಿದ್ದ ಸಾಹೇಬರು. ಮನೆಯಲ್ಲಿ ಉರ್ದು, ಮೈದಾನದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ನಮ್ಮ ಮನೆಗೇ ಬಂದು, ಹುಡುಗ ಫೈನಲ್ ಆಡುವುದಿಲ್ಲ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈತಪ್ಪುವ ಕೆಲಸ ನಮ್ಮ ಮನೆಯದು, ತೀರ್ಮಾನ ಮಾತ್ರ ನಿಮ್ಮದೋ ಎಂದು ಕೇಳಿಯೇ ಬಿಟ್ಟೆ. ಅವರು ದನಿ ಏರಿಸಲಿಲ್ಲ.

"ನೋಡಮ್ಮ, ಕಪ್ ಬಂದ್ರೆ ನಮ್ದೆಲ್ಲಾರ್ದು. ಕಾಲ್ ಹೋದ್ರೆ ಅವ್ನೊಬ್ಬಂದೇ."

ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಆ ವಾರವೆಲ್ಲ ಬೇರೆ ಮಾತೇ ಇರಲಿಲ್ಲ. ಕಪ್ ತರಲಾರದವನು ಎಂಥ ಅಧ್ಯಕ್ಷ ಎಂದರು ಕೆಲವರು. ಆಡುವವನೇ ಆಡುತ್ತೇನೆ ಎಂದಮೇಲೆ ಅಡ್ಡಗಾಲು ಹಾಕಲು ಇವರು ಯಾರು ಎಂದರು ಇನ್ನು ಕೆಲವರು. ಸಾಹೇಬರು ಮಾಡಿದ್ದು ಸರಿ ಎಂದವರೂ ಇದ್ದರು, ಆದರೆ ಅವರು ಮೆಲ್ಲಗೆ ಹೇಳುತ್ತಿದ್ದರು. ಅಷ್ಟು ವರ್ಷ ತಮ್ಮ ಲಾರಿಯಲ್ಲೇ ಎಲ್ಲರನ್ನೂ ಮ್ಯಾಚಿಗೆ ಕರೆದೊಯ್ದ ಮನುಷ್ಯ ಒಂದೇ ವಾರದಲ್ಲಿ ಊರಿಗೆಲ್ಲ ಬೇಡವಾದರು.

ಫೈನಲ್ ದಿನ ನನ್ನ ತಮ್ಮ ಜರ್ಸಿ ಹಾಕಿಕೊಂಡು ಬದಲಿ ಆಟಗಾರರ ಜೊತೆಯಾದರೂ ಕೂರುತ್ತೇನೆಂದು ಹಟ ಹಿಡಿದ. ಅದಕ್ಕೆ ಅಧ್ಯಕ್ಷರು ಒಪ್ಪಿದರು. ಆಟ ಶುರುವಾಗುವ ಮೊದಲು ಅವರು ನಾನು ಕೂತಿದ್ದ ಗ್ಯಾಲರಿಯ ಮೆಟ್ಟಿಲು ಹತ್ತಿ ಬಂದು, ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ನನ್ನ ಮಡಿಲಲ್ಲಿಟ್ಟರು. ತಮ್ಮನ ಬೂಟು. ಅವನ ಪಾದ ಅಳತೆ ಮೀರಿದ್ದು, ಬೇರೆ ಯಾರ ಬೂಟೂ ಆಗುತ್ತಿರಲಿಲ್ಲ. ಯಾರು ಬಂದು ಕೇಳಿದರೂ ಕೊಡಬೇಡ ಎಂದಷ್ಟೇ ಹೇಳಿ ಹೋದರು. ಜಗಳವಾಡಿದ ನನ್ನ ಕೈಗೇ ಯಾಕೆ ಕೊಟ್ಟರೋ ತಿಳಿಯಲಿಲ್ಲ.

ಅರ್ಧ ಆಟದ ಹೊತ್ತಿಗೆ ನಾವು ಒಂದು ಗೋಲು ಹಿಂದೆ. ನಮ್ಮ ಜನ ತಮ್ಮನ ಹೆಸರು ಹಿಡಿದು ಕೂಗತೊಡಗಿದರು. ಕಾಂಪೌಂಡರ್ ಗೇಟಿನ ಬಳಿ ಚೀಲ ಹಿಡಿದು ನಿಂತೇ ಇದ್ದ. ನನ್ನ ತಮ್ಮ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದ, ಅವನ ಹಿಂದೆ ಒಂದು ದಂಡೇ ಬಂತು.

"ಕೊಡಕ್ಕಾ. ಕಾರ್ಖಾನೆಯವ್ರು ಕೂತವ್ರೆ. ಕೆಲ್ಸ ನಿಂಗೂ ಬೇಕು ತಾನೇ?"

ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಕೈ ಆಗಲೇ ಪೊಟ್ಟಣದ ದಾರ ಬಿಚ್ಚುತ್ತಿತ್ತು. ಆದರೆ ಅವನು ಮೆಟ್ಟಿಲು ಹತ್ತಿ ಬಂದ ರೀತಿಯನ್ನು ನಾನು ನೋಡಿಬಿಟ್ಟಿದ್ದೆ. ಪೊಟ್ಟಣವನ್ನು ಕೆಳಗಿಟ್ಟು ಅದರ ಮೇಲೆಯೇ ಕೂತುಬಿಟ್ಟೆ. ಬೂಟಿನ ಅಡಿಯ ಮೊಳೆಯಂಥ ಸ್ಟಡ್ಡುಗಳು ಒತ್ತುತ್ತಿದ್ದವು, ಒತ್ತಲಿ ಎಂದುಕೊಂಡೆ. ಜನ ಬೈದರು, ಬೇಡಿಕೊಂಡರು, ಹೆಂಗಸನ್ನು ಎಬ್ಬಿಸುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ. ಗೋಲ್‌ಕೀಪರನ ತಾಯಿ ನನ್ನ ಕೈ ಹಿಡಿದುಕೊಂಡರು. ತಮ್ಮ ಅಳುತ್ತಾ ಇಳಿದುಹೋದ. ನಾವು ಸೋತೆವು.

ಕಾರ್ಖಾನೆಯವರು ಆ ಸಲ ನಮ್ಮವರಲ್ಲಿ ಯಾರನ್ನೂ ಆರಿಸಲಿಲ್ಲ. ತಮ್ಮನ ಮಂಡಿ ನಿಧಾನವಾಗಿ ವಾಸಿಯಾಯಿತು, ಎಂಬತ್ತರ ದಶಕದಲ್ಲೂ ಬಹಳ ವರ್ಷ ಆಡಿದ. ಕೊನೆಗೆ ಸಿಕ್ಕಿದ್ದು ಬಸ್ ಕಂಡಕ್ಟರ್ ಕೆಲಸ, ದಿನವಿಡೀ ನಿಂತೇ ಮಾಡುವಂಥದ್ದು. ಅವನ ಕಾಲು ಉಳಿಯಿತೆಂದು ಟೀ ಅಂಗಡಿಯವರೂ ಆಮೇಲೆ ಸಾಹೇಬರನ್ನು ಹೊಗಳತೊಡಗಿದರು. ಕಲ್ಲಿನಂಥ ಮನುಷ್ಯ, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ ಎನ್ನುತ್ತಿದ್ದರು. ಆದರೆ ಫೈನಲ್ ಮುಗಿದ ಮೇಲೆ ನಡೆದದ್ದು ನನಗೊಬ್ಬಳಿಗೇ ಗೊತ್ತಿತ್ತು.

ಜನರೆಲ್ಲ ಬೈಯುತ್ತಾ ಹೊರಟುಹೋಗಿದ್ದರು. ಸಾಹೇಬರು ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಮುಖ ಬೆವೆತು ಹೋಗಿತ್ತು. ನಾನು ಬೂಟು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಹಾಫ್ ಟೈಮಲ್ಲಿ ನನ್ ಮನ್ಸೂ ಕೆಟ್ಟೋಗಿತ್ತಮ್ಮ. ಬೂಟು ನನ್ ಹತ್ರ ಇದ್ದಿದ್ರೆ ನಾನೇ ಕೊಟ್ಬಿಡ್ತಿದ್ದೆ. ಹಂಗಾಗತ್ತೆ ಅಂತ ಗೊತ್ತಿತ್ತು, ಅದ್ಕೇ ನಿನ್ ಹತ್ರ ಇಟ್ಟೆ."

ಕಾರ್ಖಾನೆಯ ಕೆಲಸ ನಮಗೆ ಎಷ್ಟು ಬೇಕೆಂದು ಗೊತ್ತಿದ್ದೂ ನನ್ನನ್ನು ಹೇಗೆ ನಂಬಿದಿರಿ ಎಂದು ಕೇಳಿದೆ.

"ನಮ್ಗೆಲ್ಲಾ ಅವ್ನು ಫಾರ್ವರ್ಡು," ಎಂದರು. "ನಿಂಗೆ ತಮ್ಮ."