ನೈಟಿ ಹಾಕಿಕೊಂಡು ಹಾಲು ಕರೆದ ದಿನಗಳು

ನನ್ನ ಹೆಂಡತಿ ಮಂಡ್ಯದ ಆಸ್ಪತ್ರೆಯಲ್ಲಿ ಒಂದು ಮಂಗಳವಾರ ತೀರಿಕೊಂಡಳು. ಎದೆನೋವು ಅಂತ ಸೇರಿಸಿದ್ದೆ, ಎರಡು ದಿನ ಇದ್ದಳು. ತೀರಿಕೊಂಡ ಮೂರನೆಯ ದಿನ ಹಾಲುತುಪ್ಪದ ಶಾಸ್ತ್ರ. ಸಮಾಧಿಗೆ ಬಿಡಲು ಹಾಲನ್ನು ಪಕ್ಕದ ಮನೆಯಿಂದ ತಂದೆವು. ನಮ್ಮ ಕೊಟ್ಟಿಗೆಯಲ್ಲೇ ಸೀಮೆಹಸು ಇತ್ತು. ಆದರೆ ಅದು ಹಾಲು ಕೊಡುವುದನ್ನು ನಿಲ್ಲಿಸಿತ್ತು.

ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ ನಮ್ಮೂರು. ನಾನು ಮದ್ದೂರಿನ ಸ್ಕೂಲೊಂದರಲ್ಲಿ ಗುಮಾಸ್ತ. ಹಸುವಿನ ಕೆಲಸವೆಲ್ಲ ಅವಳದೇ ಆಗಿತ್ತು. ನಾನು ಕರೆಯಲು ಕೂತರೆ ಒದೆಯುತ್ತಿತ್ತು. ಹಾಗೇ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ ಎಂದರು ದನದ ಡಾಕ್ಟರು.

ಪೂರಿಗಾಲಿಯಿಂದ ಬಂದು ಉಳಿದುಕೊಂಡಿದ್ದ ನಮ್ಮಕ್ಕ ಉಪಾಯ ಹೇಳಿದಳು. "ಅವ್ಳ ನೈಟಿ ಆಕ್ಕಂಡು ಓಗ್ಲಾ. ಒಗ್ದಿಲ್ದೇ ಇರೋದು. ವಾಸ್ನೆ ಸಿಕ್ರೆ ಸುಮ್ಕಾಯ್ತದೆ."

ಹಾಕಿಕೊಂಡೆ. ನೀಲಿ ಹೂವಿನದು. ಭುಜದಲ್ಲಿ ಬಿಗಿಯಾಯಿತು. ಅಂಗಳ ದಾಟುವಾಗ ಪಕ್ಕದ ಮನೆಯ ಯಜಮಾನರು ಎದುರಾದರು.

"ಏನ್ಲಾ ಇದು?"

"ಹಸ ಹಾಲು ಕೊಡ್ತಿಲ್ಲ ಕಣಣ್ಣ."

ಅವರು ನೈಟಿಯ ಕತ್ತಿನ ಕಡೆ ನೋಡಿದರು. "ಹಿಂದ್ಲುದು ಮುಂದಕ್ಕೆ ಬಂದದೆ ಕಣ್ಲಾ," ಎಂದು ಹೇಳಿ ಹೋದರು.

ನೈಟಿಯನ್ನು ತಿರುಗಿಸಿ ಸರಿಯಾಗಿ ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಹಸು ಮೂಸಿತು, ಒದೆಯಲಿಲ್ಲ. ಆದರೆ ಹಾಲನ್ನೂ ಇಳಿಸಲಿಲ್ಲ. ಆಗ ನೆನಪಾಯಿತು, ಅವಳು ಕರೆಯುವಾಗ ಮಾತಾಡುತ್ತಿದ್ದಳು. ಹದಿನೆಂಟು ವರ್ಷ ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಓದುತ್ತ ಆ ದನಿ ಕೇಳಿದ್ದೇನೆ. ಏನು ಹೇಳುತ್ತಿದ್ದಳು ಎಂದು ಕಿವಿಗೊಟ್ಟು ಕೇಳಿರಲಿಲ್ಲ.

ನಾನೂ ಮಾತಾಡಿದೆ. ಮೊದಲು ಸ್ಕೂಲಿನ ಸುದ್ದಿ ಹೇಳಿದೆ. ಅದು ಮುಗಿದ ಮೇಲೆ ಆಸ್ಪತ್ರೆಯ ವಿಷಯ ಬಂತು. ಕೊನೆಯ ಬೆಳಿಗ್ಗೆ ಅವಳು "ಮನೇಗ್ ಓಗಿ ಸ್ನಾನ ಮಾಡ್ಕಂಡ್ ಬನ್ನಿ, ನಾನೆಲ್ಲಿಗೂ ಓಗಕಿಲ್ಲ" ಅಂದಿದ್ದಳು. ನಾನು ಬಂದೆ, ಸ್ನಾನ ಮಾಡಿದೆ, ಇಡ್ಲಿಯನ್ನೂ ತಿಂದೆ. ಫೋನು ಬಂದಾಗ ಕೈ ತೊಳೆಯುತ್ತಿದ್ದೆ. ಆ ಇಡ್ಲಿಯ ವಿಷಯ ಯಾರಿಗೂ ಹೇಳಿರಲಿಲ್ಲ. ಹಸುವಿಗೆ ಹೇಳಿದೆ. ಅಷ್ಟರಲ್ಲಿ ಹಾಲು ಇಳಿದಿತ್ತು. ನನಗೆ ಅಳು ಬಂತು. ಪಾತ್ರೆ ಮೊಣಕಾಲುಗಳ ನಡುವೆ ಇದ್ದುದರಿಂದ ಎದ್ದು ಹೋಗುವಂತಿರಲಿಲ್ಲ. ಅಳುತ್ತಲೇ ಕರೆದೆ.

ಐದು ತಿಂಗಳು ಹೀಗೇ ನಡೆಯಿತು. ಊರಿನವರಿಗೆ ಅಭ್ಯಾಸವಾಯಿತು. ನೈಟಿಯನ್ನು ಮಾತ್ರ ನಾನು ನೀರಿಗೆ ಹಾಕಲಿಲ್ಲ.

ಆಮೇಲೊಂದು ಭಾನುವಾರ ಅಕ್ಕ ಮತ್ತೆ ಬಂದಳು. ನಾನು ಸಂತೆಯಿಂದ ವಾಪಸು ಬರುವುದರೊಳಗೆ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಸೋಪಿನಪುಡಿಯಲ್ಲಿ ನೆನೆಸಿ ಒಗೆದು ತಂತಿಗೆ ಹಾಕಿದ್ದಳು. ನೈಟಿಯೂ ಅಲ್ಲಿತ್ತು. ಅಕ್ಕನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

"ನಾರ್ತಿತ್ತು ಕಣ್ಲಾ," ಎಂದಳು. ಆಮೇಲೆ ಮುಖ ತಿರುಗಿಸಿಕೊಂಡು ತಾನೂ ಅತ್ತಳು.

ಮರುದಿನ ಬೆಳಿಗ್ಗೆ ಪಂಚೆ, ಬನಿಯನ್ನಿನಲ್ಲೇ ಹೋಗಿ ಕೂತೆ. ಹಸು ಒಮ್ಮೆ ತಿರುಗಿ ನೋಡಿ ಮೇವು ತಿನ್ನತೊಡಗಿತು. ಹಾಲು ಎಂದಿನಷ್ಟೇ ಬಂತು. ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಸಿಟ್ಟು.

"ಇಷ್ಟ್ ಬೇಗ ಮರ್ತ್‌ಬುಟ್ಯಾ?" ಎಂದು ಕೇಳಿದೆ.

ಅದು ಬಾಲ ಬೀಸಿತು. ಎರಡು ದಿನ ನಾನು ಅದರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಸ್ಕೂಲಿಗೆ ಹೊಸ ಹೆಡ್‌ಮಾಸ್ಟರು ಬಂದಿದ್ದರು. ಆ ವಿಷಯ ಯಾರಿಗಾದರೂ ಹೇಳಲೇಬೇಕಿತ್ತು. ಹೋಗಿ ಹೇಳಿದೆ.